ಕಾಣಿಸದ ಕಂಪ್ಯೂಟರಿನ ಕನಸು ಕಂಡ ಮಾರ್ಕ್ ವೈಸರ್

ಕಂಪ್ಯೂಟರ್ ಲೋಕದ ದೊಡ್ಡವರ ಹೆಸರು ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್ ಎನ್ನುತ್ತೇವೆ. ಅವರು ಕಂಪ್ಯೂಟರನ್ನು ಜನರ ಮೇಜಿಗೆ ತಂದರು. ಅದೇ ಕಂಪ್ಯೂಟರನ್ನು ಮೇಜಿನಿಂದ ಇಳಿಸಿ ಗೋಡೆಯಲ್ಲಿ, ಬಾಗಿಲಲ್ಲಿ, ಜೇಬಿನಲ್ಲಿ, ರಸ್ತೆಯಲ್ಲಿ ಯಾರ ಗಮನಕ್ಕೂ ಬಾರದಂತೆ ಸೇರಿಸಬೇಕು ಎಂದು ಯೋಚಿಸಿದ ಇನ್ನೊಬ್ಬರಿದ್ದರು. ಅವರೇ ಮಾರ್ಕ್ ವೈಸರ್. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಲ್ಲಿ ನಾವು ದಿನವೂ ಕಾರ್ಡ್ ಮುಟ್ಟಿಸಿ ಒಳಗೆ ಹೋಗುತ್ತೇವೆ. ಆ ಗೇಟಿನಲ್ಲಿ ಕಂಪ್ಯೂಟರ್ ಇದೆ ಎಂದು ಯಾರೂ ನೆನೆಯುವುದಿಲ್ಲ. ಹಾಗೆ ನೆನಪಿಗೇ ಬಾರದಂತೆ ಕೆಲಸ ಮಾಡಬೇಕು ಎಂಬುದೇ ವೈಸರ್ ಅವರ ಆಸೆಯಾಗಿತ್ತು. ನಾನು ವಾಣಿಜ್ಯ ವಿಭಾಗದವನು. ಆದ್ದರಿಂದ ಅವರ ಜೀವನವನ್ನು ನನಗೆ ಗೊತ್ತಿರುವ ಅಂಗಡಿ, ಲೆಕ್ಕ, ಬ್ಯಾಂಕಿನ ಉದಾಹರಣೆಗಳಿಂದಲೇ ಹೇಳುತ್ತೇನೆ.

ಮಾರ್ಕ್ ವೈಸರ್ ಹುಟ್ಟಿದ್ದು 1952ರ ಜುಲೈ 23ರಂದು, ಅಮೆರಿಕದ ಇಲಿನಾಯ್ ರಾಜ್ಯದ ಹಾರ್ವಿ ಎಂಬ ಊರಿನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ. ಕಾಲೇಜಿಗೆಂದು ಫ್ಲೋರಿಡಾಕ್ಕೆ ಹೋದಾಗ ಅವರು ಆಸಕ್ತಿಯಿಂದ ಓದಿದ್ದು ತತ್ವಶಾಸ್ತ್ರ. ಅಲ್ಲಿ ಓದನ್ನು ಮುಗಿಸದೆ ಹೊರಬಂದರು. ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಷಯ ಹಿಡಿದು 1976ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1979ರಲ್ಲಿ ಪಿಎಚ್.ಡಿ.ಯನ್ನೂ ಪಡೆದರು. ಕಾಮರ್ಸ್ ತೆಗೆದುಕೊಂಡವರಿಗೆ ಕಂಪ್ಯೂಟರ್ ಏಕೆ ಎಂದು ಕೇಳುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಅವರಿಗೆ ವೈಸರ್ ಅವರ ಈ ದಾರಿಯನ್ನು ತೋರಿಸಬಹುದು. ತತ್ವಶಾಸ್ತ್ರದ ಓದು ಅವರಿಗೆ ಕೊನೆಯವರೆಗೂ ಉಪಯೋಗಕ್ಕೆ ಬಂತು. ಮನುಷ್ಯ ಒಂದು ಉಪಕರಣವನ್ನು ಚೆನ್ನಾಗಿ ಕಲಿತಾಗ ಅದು ಅವನ ಗಮನದಿಂದ ಮರೆಯಾಗುತ್ತದೆ ಎಂಬ ವಿಚಾರವನ್ನು ಅವರು ತೆಗೆದುಕೊಂಡದ್ದು ತತ್ವಜ್ಞಾನಿಗಳಿಂದಲೇ.

ಅವರ ಪಿಎಚ್.ಡಿ. ಸಂಶೋಧನೆಗೆ ಪ್ರೋಗ್ರಾಮ್ ಸ್ಲೈಸಿಂಗ್ ಎಂದು ಹೆಸರು. ನಮ್ಮ ತರಗತಿಯ ಭಾಷೆಯಲ್ಲಿ ಹೇಳುವುದಾದರೆ, ತಾಳೆಪಟ್ಟಿ ಸರಿಹೊಂದದಿದ್ದಾಗ ನಾವು ಇಡೀ ಪುಸ್ತಕವನ್ನು ಮತ್ತೆ ಬರೆಯುವುದಿಲ್ಲ. ಅನುಮಾನ ಬಂದ ಖಾತೆಗೆ ಸಂಬಂಧಪಟ್ಟ ನಮೂದುಗಳನ್ನು ಮಾತ್ರ ಹಿಂದಕ್ಕೆ ಹುಡುಕುತ್ತಾ ಹೋಗುತ್ತೇವೆ. ಸಾವಿರಾರು ಸಾಲುಗಳ ಪ್ರೋಗ್ರಾಮಿನಲ್ಲಿ ಒಂದು ಉತ್ತರ ತಪ್ಪಾಗಿದ್ದರೆ, ಆ ಉತ್ತರಕ್ಕೆ ಕಾರಣವಾದ ಸಾಲುಗಳನ್ನಷ್ಟೇ ಬೇರ್ಪಡಿಸುವ ವಿಧಾನವನ್ನು ವೈಸರ್ ಕೊಟ್ಟರು. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅನುಭವಿ ಪ್ರೋಗ್ರಾಮರ್‌ಗಳು ತಪ್ಪು ಹುಡುಕುವಾಗ ಮನಸ್ಸಿನಲ್ಲೇ ಹೀಗೆ ಮಾಡುತ್ತಾರೆ ಎಂಬುದನ್ನೂ ಅವರು ಪ್ರಯೋಗ ಮಾಡಿ ತೋರಿಸಿದರು. ಯಂತ್ರವನ್ನು ನೋಡುವ ಮೊದಲು ಮನುಷ್ಯನನ್ನು ನೋಡುವ ಸ್ವಭಾವ ಅವರಲ್ಲಿ ಆಗಲೇ ಇತ್ತು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಎಂಟು ವರ್ಷ ಪಾಠ ಹೇಳಿದ ಅವರು 1987ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸೇರಿದರು. ಇದು ಹೂವಿನ ಪಾರ್ಕ್ ಅಲ್ಲ, ಜೆರಾಕ್ಸ್ ಕಂಪನಿಯು ಪಾಲೋ ಆಲ್ಟೋ ಎಂಬಲ್ಲಿ 1970ರಲ್ಲಿ ತೆರೆದ ಸಂಶೋಧನಾ ಕೇಂದ್ರ. ನಾವು ನೋಟ್ಸ್ ಪ್ರತಿ ಮಾಡಿಸಲು ಹೋಗುವ ಜೆರಾಕ್ಸ್ ಅಂಗಡಿಗೆ ಹೆಸರು ಕೊಟ್ಟದ್ದು ಅದೇ ಕಂಪನಿ. ಲೇಸರ್ ಪ್ರಿಂಟರ್, ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ಎರಡೂ ಅಲ್ಲಿಯೇ ಹುಟ್ಟಿದವು. 1988ರಲ್ಲಿ ವೈಸರ್ ಅಲ್ಲಿನ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥರಾದರು. ಅದೇ ವರ್ಷ ತಮ್ಮ ಹೊಸ ಯೋಚನೆಗೆ ಯುಬಿಕ್ವಿಟಸ್ ಕಂಪ್ಯೂಟಿಂಗ್ ಎಂದು ಹೆಸರಿಟ್ಟರು. ಎಲ್ಲೆಲ್ಲೂ ಹರಡಿಕೊಂಡಿರುವ ಕಂಪ್ಯೂಟರ್ ಎಂದು ಇದರ ಅರ್ಥ.

ಅವರು ಕಂಪ್ಯೂಟರಿನ ಚರಿತ್ರೆಯನ್ನು ಮೂರು ಕಾಲಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಒಂದು ದೊಡ್ಡ ಕಂಪ್ಯೂಟರ್, ಅದಕ್ಕೆ ಅನೇಕ ಜನ. ಎರಡನೆಯದರಲ್ಲಿ ಒಬ್ಬರಿಗೆ ಒಂದು. ಮೂರನೆಯದರಲ್ಲಿ ಒಬ್ಬ ಮನುಷ್ಯನಿಗೆ ಅನೇಕ ಕಂಪ್ಯೂಟರ್‌ಗಳು. ಎರಡನೆಯ ಕಾಲದ ಕಂಪ್ಯೂಟರ್ ಮನುಷ್ಯನನ್ನು ತನ್ನ ಮುಂದೆ ಕೂರಿಸಿಕೊಂಡು ತನ್ನ ಭಾಷೆಯನ್ನು ಕಲಿಯಲು ಒತ್ತಾಯಿಸುತ್ತದೆ ಎಂಬುದು ಅವರ ದೂರು. ಅದೇ ಕೇಂದ್ರದಲ್ಲಿ ಲೂಸಿ ಸುಚ್‌ಮನ್ ಅವರಂಥ ಮಾನವಶಾಸ್ತ್ರಜ್ಞರು ಜನ ಕಚೇರಿಯಲ್ಲಿ ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆ ಎಂದು ಹತ್ತಿರದಿಂದ ನೋಡುತ್ತಿದ್ದರು. ಅವರಿಂದಲೂ ವೈಸರ್ ಬಹಳ ಕಲಿತರು.

ಬರೀ ಯೋಚನೆಗೆ ನಿಲ್ಲದೆ ಅವರ ತಂಡ ಮೂರು ಅಳತೆಯ ಉಪಕರಣಗಳನ್ನು ತಯಾರಿಸಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಟ್ಯಾಬ್, ನೋಟ್‌ಬುಕ್ ಅಳತೆಯ ಪ್ಯಾಡ್, ಗೋಡೆಯ ಮೇಲಿನ ಕಪ್ಪು ಹಲಗೆಯಂಥ ಬೋರ್ಡ್. ಒಂದೇ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಟ್ಯಾಬ್‌ಗಳು, ಹತ್ತಿಪ್ಪತ್ತು ಪ್ಯಾಡ್‌ಗಳು, ಒಂದೆರಡು ಬೋರ್ಡ್‌ಗಳು ಇರಬೇಕು ಎಂಬುದು ಅವರ ಲೆಕ್ಕ. ಐಫೋನ್ ಬರಲು ಆಗ ಇನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಸಮಯವಿತ್ತು. 1991ರ ಸೆಪ್ಟೆಂಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರು ಇಪ್ಪತ್ತೊಂದನೆಯ ಶತಮಾನದ ಕಂಪ್ಯೂಟರ್ ಹೇಗಿರಬೇಕು ಎಂದು ಬರೆದ ಲೇಖನ ಜಗತ್ತಿನಾದ್ಯಂತ ಹೆಸರಾಯಿತು.

ಟ್ಯಾಬ್ ಕೈಯಲ್ಲಿ ಹಿಡಿದವರು ಯಾವ ಕೋಣೆಯಲ್ಲಿದ್ದಾರೆ ಎಂಬುದನ್ನು ಚಾವಣಿಗೆ ಅಳವಡಿಸಿದ ಅತಿಗೆಂಪು ಕಿರಣದ ಪೆಟ್ಟಿಗೆಗಳು ಗುರುತಿಸುತ್ತಿದ್ದವು. ಒಬ್ಬರು ಪ್ರಿಂಟ್ ಕೊಟ್ಟರೆ ಅವರ ಹತ್ತಿರವಿರುವ ಪ್ರಿಂಟರನ್ನೇ ಯಂತ್ರ ಮುಂದಿಡಬೇಕು, ಸ್ಥಳ ಬದಲಾದಂತೆ ಅದರ ನಡವಳಿಕೆಯೂ ಬದಲಾಗಬೇಕು. 1994ರಲ್ಲಿ ಬಿಲ್ ಶಿಲಿಟ್, ರಾಯ್ ವಾಂಟ್ ಮತ್ತು ಅವರ ಜೊತೆಗಾರರು ಇದನ್ನು ಸಂದರ್ಭ ಅರಿಯುವ ಕಂಪ್ಯೂಟಿಂಗ್ ಎಂದು ಕರೆದರು. ಎಲ್ಲಿ ಇದ್ದೇವೆ, ಯಾರ ಜೊತೆ ಇದ್ದೇವೆ, ಸುತ್ತ ಏನಿದೆ ಎಂಬುದೇ ಇಲ್ಲಿ ಸಂದರ್ಭ. ಬೆಂಗಳೂರಿನ ಕೆಲವು ಸಿಗ್ನಲ್‌ಗಳಲ್ಲಿ ಈಗ ಕ್ಯಾಮೆರಾಗಳು ವಾಹನಗಳ ಸಾಲನ್ನು ಅಂದಾಜು ಮಾಡಿ ಹಸಿರು ದೀಪದ ಸಮಯವನ್ನು ಹೆಚ್ಚು ಕಡಿಮೆ ಮಾಡುತ್ತವೆ. ಇದೂ ಅದೇ ಜಾತಿಗೆ ಸೇರಿದ್ದು.

ವೈಸರ್ ಬರೀ ಪ್ರಯೋಗಾಲಯದ ಮನುಷ್ಯರಾಗಿರಲಿಲ್ಲ. ಸಿವಿಯರ್ ಟೈರ್ ಡ್ಯಾಮೇಜ್ ಎಂಬ ಸಂಗೀತ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದರು. 1993ರ ಜೂನ್ 24ರಂದು ಈ ತಂಡ ಅಂತರ್ಜಾಲದಲ್ಲಿ ನೇರ ಪ್ರಸಾರವಾಗಿ ನುಡಿಸಿತು. ಹಾಗೆ ನುಡಿಸಿದ ಮೊದಲ ತಂಡ ಅದೇ. ನಾವು ಈಗ ಲೈವ್ ನೋಡುತ್ತೇವಲ್ಲ, ಅದರ ಆರಂಭದ ದಿನಗಳಲ್ಲಿ ಡ್ರಮ್ ಹಿಂದೆ ಕೂತಿದ್ದವರು ಇವರು.

ಅವರ ಇನ್ನೊಂದು ವಿಚಾರಕ್ಕೆ ಶಾಂತ ತಂತ್ರಜ್ಞಾನ ಎಂದು ಹೆಸರು. ಇದನ್ನು ಅವರು ಸಹೋದ್ಯೋಗಿ ಜಾನ್ ಸೀಲಿ ಬ್ರೌನ್ ಜೊತೆ ಸೇರಿ ಬರೆದರು. ಇದಕ್ಕೆ ಅವರು ಕೊಟ್ಟ ಉದಾಹರಣೆ ನನಗೆ ತುಂಬ ಇಷ್ಟವಾಯಿತು. ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಪಾರ್ಕ್‌ನ ಒಂದು ಮೂಲೆಯಲ್ಲಿ ಎಂಟು ಅಡಿಯ ಪ್ಲಾಸ್ಟಿಕ್ ದಾರವನ್ನು ಚಾವಣಿಯ ಪುಟ್ಟ ಮೋಟಾರಿಗೆ ಕಟ್ಟಿ ಇಳಿಬಿಟ್ಟಿದ್ದರು. ಮೋಟಾರಿಗೆ ಕಂಪ್ಯೂಟರ್ ಜಾಲದ ತಂತಿಯನ್ನು ಜೋಡಿಸಲಾಗಿತ್ತು. ಜಾಲದಲ್ಲಿ ಮಾಹಿತಿ ಜೋರಾಗಿ ಹರಿದರೆ ದಾರ ಗಿರಗಿರನೆ ಸುತ್ತುತ್ತಿತ್ತು, ಇಲ್ಲದಿದ್ದರೆ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. ಯಾರೂ ಪರದೆ ನೋಡಬೇಕಿರಲಿಲ್ಲ. ಆ ಕಡೆ ಹಾದುಹೋಗುವಾಗ ಕಿವಿಗೆ ಬಿದ್ದ ಸದ್ದೇ ಸಾಕಾಗುತ್ತಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಅಂಗಡಿ ಕಣ್ಣಿಗೆ ಕಟ್ಟಿತು. ಅಬ್ಬಾ ಅವರದು ಅತ್ತಿಗುಪ್ಪೆಯಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಚಿಕ್ಕ ಅಂಗಡಿ. ಎರಡು ಕೈಯೂ ರೆಕ್ಸಿನ್ ಮೇಲಿರುತ್ತವೆ, ಕಣ್ಣು ಸೂಜಿಯ ಮೇಲಿರುತ್ತದೆ. ಗಿರಾಕಿ ಹಣ ಕಳಿಸಿದ ಕೂಡಲೇ ಮೂಲೆಯ ಸೌಂಡ್ ಬಾಕ್ಸ್ ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಎಂದು ಹೇಳುತ್ತದೆ. ಅಬ್ಬಾ ತಲೆ ಎತ್ತದೆ ಹೊಲಿಗೆ ಮುಂದುವರಿಸುತ್ತಾರೆ. ವೈಸರ್ ಹೇಳಿದ ಶಾಂತ ತಂತ್ರಜ್ಞಾನವನ್ನು ನಾನು ಇದಕ್ಕಿಂತ ಸುಲಭವಾಗಿ ವಿವರಿಸಲಾರೆ.

1996ರಲ್ಲಿ ವೈಸರ್ ಪಾರ್ಕ್‌ನ ಮುಖ್ಯ ತಂತ್ರಜ್ಞಾನ ಅಧಿಕಾರಿಯಾದರು. ಆದರೆ ಮುಂದೆ ಹೆಚ್ಚು ಕಾಲ ಸಿಗಲಿಲ್ಲ. 1999ರಲ್ಲಿ ಹೊಟ್ಟೆಯ ಕ್ಯಾನ್ಸರ್ ಇದೆ ಎಂದು ಗೊತ್ತಾದ ಕೆಲವೇ ವಾರಗಳಲ್ಲಿ, ಏಪ್ರಿಲ್ 27ರಂದು ತೀರಿಕೊಂಡರು. ಆಗ ಅವರಿಗೆ 46 ವರ್ಷ. ಅವರು ಕಂಡ ಶತಮಾನ ಶುರುವಾಗುವುದನ್ನು ಅವರು ನೋಡಲಿಲ್ಲ.

ಅವರು ಹೋದ ಮೇಲೆ ಒಂದು ಕಷ್ಟದ ಪ್ರಶ್ನೆ ಉಳಿಯಿತು. ಒಬ್ಬ ಮನುಷ್ಯನ ಸುತ್ತ ನೂರು ಕಂಪ್ಯೂಟರ್ ಇದ್ದರೆ ಅವು ಒಂದಕ್ಕೊಂದು ಮಾತಾಡುವುದು ಹೇಗೆ? ಗೋಡೆಯ ಸಂವೇದಕ ಒಂದು ಅಂಕಿಯನ್ನು ಕೊಡುತ್ತದೆ. ದೀಪಕ್ಕೆ ಬೇಕಾದದ್ದು ಕೋಣೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂಬ ಉತ್ತರ. ಇವೆರಡರ ನಡುವೆ ಕುಳಿತು ಅಂಕಿಯನ್ನು ಉತ್ತರವಾಗಿ ಬದಲಿಸುವ ತಂತ್ರಾಂಶಕ್ಕೆ ಮಿಡಲ್‌ವೇರ್ ಎನ್ನುತ್ತಾರೆ. ವೈಸರ್ ತೀರಿಕೊಂಡ 1999ರಲ್ಲೇ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಅನಿಂದ್ ಡೇ ಮತ್ತು ಸಂಗಡಿಗರು ಕಾಂಟೆಕ್ಸ್ಟ್ ಟೂಲ್‌ಕಿಟ್ ಎಂಬುದನ್ನು ಪ್ರಕಟಿಸಿದರು. ಅದರ ಒಂದು ಭಾಗಕ್ಕೆ ಇಂಟರ್‌ಪ್ರಿಟರ್ ಎಂದೇ ಹೆಸರು, ಅಂದರೆ ದುಭಾಷಿ. ಬಳಿಕ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗಯಾ, ಕಾರ್ನೆಗಿ ಮೆಲನ್‌ನಲ್ಲಿ ಔರಾ, ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿ ವಿಶ್ವವಿದ್ಯಾಲಯದಲ್ಲಿ ಕೋಬ್ರಾ ಎಂಬ ವ್ಯವಸ್ಥೆಗಳು ಬಂದವು. ಪ್ರತಿಯೊಂದೂ ತನ್ನ ಕೋಣೆಯೊಳಗೆ ಜಾಣ. ಆದರೆ ಒಂದು ವ್ಯವಸ್ಥೆಗೆ ಬರೆದ ಪ್ರೋಗ್ರಾಮ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಒಂದು ಕೋಣೆಯ ಸಂಖ್ಯೆ ಹೇಳಿದರೆ ಇನ್ನೊಂದು ಅಕ್ಷಾಂಶ ರೇಖಾಂಶ ಕೇಳಬಹುದು. ಒಂದು ಬದಲಾವಣೆಯಾದಾಗ ತಾನೇ ಕೂಗಿ ಹೇಳಿದರೆ ಇನ್ನೊಂದು ಕೇಳುವವರೆಗೂ ಸುಮ್ಮನಿರಬಹುದು.

ಕೆಂಗೇರಿಯಲ್ಲಿರುವ ನನ್ನ ಮಾಮು ಮನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ಬಲ್ಬು, ಫ್ಯಾನು, ಎ.ಸಿ. ಮೂರೂ ಸ್ಮಾರ್ಟ್. ಮೂರೂ ಬೇರೆ ಬೇರೆ ಕಂಪನಿಯವು, ಮೂರಕ್ಕೂ ಬೇರೆ ಬೇರೆ ಆ್ಯಪ್. ಮಾಮಿ ಈಗ ಗೋಡೆಯ ಸ್ವಿಚ್ಚನ್ನೇ ಒತ್ತುತ್ತಾರೆ.

ಇಂಥವನ್ನು ಜೋಡಿಸಲು ಎರಡು ದಾರಿಗಳಿವೆ. ಪ್ರತಿ ಎರಡು ವ್ಯವಸ್ಥೆಗಳ ನಡುವೆ ಒಂದೊಂದು ಸೇತುವೆ ಕಟ್ಟುವುದು ಮೊದಲನೆಯ ದಾರಿ. ನಾವು ಓದಿದ ಸಂಯೋಜನೆಯ ಲೆಕ್ಕವನ್ನೇ ಹಾಕಿ ನೋಡಿ. 10 ವ್ಯವಸ್ಥೆಗಳಿದ್ದರೆ 45 ಸೇತುವೆ ಬೇಕು. ಹನ್ನೊಂದನೆಯದು ಬಂದರೆ ಇನ್ನೂ 10 ಕಟ್ಟಬೇಕು. ಎಲ್ಲರೂ ಒಪ್ಪುವ ಒಂದು ಸಾಮಾನ್ಯ ಭಾಷೆಯನ್ನು ನಡುವೆ ಇಡುವುದು ಎರಡನೆಯ ದಾರಿ. ಆಗ 10 ವ್ಯವಸ್ಥೆಗೆ 10 ಸೇತುವೆ ಸಾಕು, ಹನ್ನೊಂದನೆಯದಕ್ಕೆ ಒಂದೇ ಒಂದು. ಮನೆಯ ಉಪಕರಣಗಳಿಗೆ ಇಂಥ ಸಾಮಾನ್ಯ ಭಾಷೆಯಾಗಿ ಮ್ಯಾಟರ್ ಎಂಬ ಮಾನದಂಡ 2022ರಲ್ಲಿ ಬಂದಿದೆ. ಆಪಲ್, ಗೂಗಲ್, ಅಮೆಜಾನ್‌ನಂಥ ಪೈಪೋಟಿಯ ಕಂಪನಿಗಳೂ ಅದರಲ್ಲಿ ಸೇರಿವೆ.

ವಾಣಿಜ್ಯದವರಾದ ನಮಗೆ ಇದು ಹೊಸದಲ್ಲ. ಬ್ಯಾಂಕುಗಳ ಕ್ಲಿಯರಿಂಗ್ ಹೌಸ್ ಇದೇ ಕೆಲಸವನ್ನು ಹಿಂದಿನಿಂದ ಮಾಡುತ್ತಿದೆ. ಯುಪಿಐ 2016ರ ಏಪ್ರಿಲ್‌ನಲ್ಲಿ 21 ಬ್ಯಾಂಕುಗಳೊಂದಿಗೆ ಪ್ರಾಯೋಗಿಕವಾಗಿ ಶುರುವಾಯಿತು. ಅವು ಇಬ್ಬಿಬ್ಬರಾಗಿ ಒಪ್ಪಂದ ಮಾಡಿಕೊಳ್ಳುವುದಾದರೆ 210 ಜೋಡಣೆ ಬೇಕಾಗುತ್ತಿತ್ತು. ನಡುವೆ ಒಂದು ವ್ಯವಸ್ಥೆ ಇದ್ದುದರಿಂದ 21 ಸಾಕಾಯಿತು. ಮೈಸೂರು ರಸ್ತೆಯಲ್ಲಿ ಹೋಗುವ ಕಾರಿನ ಫಾಸ್ಟ್ಯಾಗ್ ಯಾವ ಬ್ಯಾಂಕಿನದಾದರೂ ಕಣಿಮಿಣಿಕೆ ಟೋಲ್‌ನಲ್ಲಿ ಗೇಟು ಏಳುವುದೂ ಇದೇ ರೀತಿ. ಯುಪಿಐಗೆ ವೈಸರ್ ಹೇಳಿದ ಹಾಗೆ ಸುತ್ತಲಿನ ಸಂದರ್ಭವೇನೂ ತಿಳಿಯುವುದಿಲ್ಲ. ಆದರೆ ಬೇರೆ ಬೇರೆಯವರನ್ನು ಜೋಡಿಸುವ ಲೆಕ್ಕ ಎರಡಕ್ಕೂ ಒಂದೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಡುವೆ ಕುಳಿತವರಿಗೆ ಎಲ್ಲವೂ ಗೊತ್ತಾಗುತ್ತದೆ. ಇದನ್ನು ನಾನು ಮನೆಯಲ್ಲೇ ಕಲಿತಿದ್ದೇನೆ. ನಮ್ಮ ಮನೆಮಾತು ಉರ್ದು. ದಾದಿಮಾ, ಅಂದರೆ ಅಬ್ಬಾ ಅವರ ತಾಯಿ, ಉರ್ದು ಓದುತ್ತಾರೆ, ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡವನ್ನಾಗಲಿ ಇಂಗ್ಲಿಷನ್ನಾಗಲಿ ಓದಲಾರರು. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಪಡಿತರದ ಸಂದೇಶ ಕನ್ನಡದಲ್ಲಿ ಬರುತ್ತದೆ. ಎರಡನ್ನೂ ಉರ್ದುವಿನಲ್ಲಿ ಹೇಳುವವನು ನಾನು. ಓಟಿಪಿ ನೋಡುವವನೂ ನಾನೇ. ಹಾಗಾಗಿ ದಾದಿಮಾ ಖಾತೆಯಲ್ಲಿ ಎಷ್ಟಿದೆ, ಯಾವ ಔಷಧಿ ತೆಗೆದುಕೊಳ್ಳುತ್ತಾರೆ, ಯಾವ ಮಗಳಿಗೆ ಸದ್ದಿಲ್ಲದೆ ಹಣ ಕಳಿಸಿದರು ಎಂಬುದೆಲ್ಲ ನನಗೆ ಗೊತ್ತು. ಅದನ್ನು ಅಮ್ಮಿಗೂ ಹೇಳುವುದಿಲ್ಲ. ದಾದಿಮಾ ಇದಕ್ಕೆ ಅಮಾನತ್ ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದು. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ. ಒಬ್ಬರು ನಂಬಿ ನಮ್ಮ ಕೈಯಲ್ಲಿಟ್ಟದ್ದು, ಇಟ್ಟ ಹಾಗೆಯೇ ಇರಬೇಕಾದದ್ದು, ನಮ್ಮದಲ್ಲದ್ದು.

ವೈಸರ್ ಈ ಅಪಾಯವನ್ನು ಮೊದಲೇ ಕಂಡಿದ್ದರು. ಪ್ರತಿ ಕೋಣೆಯಲ್ಲೂ ನೂರಾರು ಕಂಪ್ಯೂಟರ್‌ಗಳು ಹತ್ತಿರವಿರುವ ಮನುಷ್ಯರನ್ನು ಗುರುತಿಸುತ್ತಾ ಒಂದಕ್ಕೊಂದು ಜೋಡಿಕೊಂಡರೆ, ಹಿಂದಿನ ಯಾವ ಸರ್ವಾಧಿಕಾರಿಯ ಕೈಗೂ ಸಿಗದಷ್ಟು ಹಿಡಿತ ಅಧಿಕಾರದಲ್ಲಿರುವವರ ಕೈಗೆ ಸಿಗಬಹುದು ಎಂದು 1991ರ ಲೇಖನದಲ್ಲೇ ಎಚ್ಚರಿಸಿದ್ದರು. ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುವ ವಿಧಾನಗಳನ್ನು ಆರಂಭದಲ್ಲೇ ಅಳವಡಿಸಿದರೆ ಖಾಸಗಿತನವನ್ನು ಉಳಿಸಬಹುದು ಎಂಬ ಭರವಸೆಯೂ ಅವರಿಗಿತ್ತು. ತಾವು ಕಟ್ಟುತ್ತಿರುವ ವಸ್ತುವಿನ ಕೆಟ್ಟ ಮುಖವನ್ನು ತಾವೇ ಮುಂದಾಗಿ ಹೇಳಿದ್ದು ನನಗೆ ಅವರ ಎಲ್ಲ ಉಪಕರಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಅವರ ಎಚ್ಚರಿಕೆಯ 26 ವರ್ಷಗಳ ಬಳಿಕ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಆ ಪ್ರಕರಣಕ್ಕೆ ಹೆಸರು ಬಂದದ್ದು ಅರ್ಜಿ ಹಾಕಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಕ್ಯಾಲಿಫೋರ್ನಿಯಾದ ಒಂದು ಪ್ರಯೋಗಾಲಯದಲ್ಲಿ ಎದ್ದ ಪ್ರಶ್ನೆ ಹೀಗೆ ನಮ್ಮ ದೇಶದ ಕೋರ್ಟು, ಸಂಸತ್ತಿನ ತನಕ ಬಂದಿದೆ.

ಸ್ನೇಹಿತರೇ, ನಮ್ಮಲ್ಲಿ ಕೆಲವರು ಮುಂದೆ ಬಿ.ಕಾಂ. ಓದುತ್ತೇವೆ, ಕೆಲವರು ಬಿ.ಸಿ.ಎ., ಕೆಲವರು ಎಂಜಿನಿಯರಿಂಗ್ ಸೇರುತ್ತೇವೆ. ಯಾರೋ ಒಬ್ಬರು ಇಂಥ ನಡುವಿನ ತಂತ್ರಾಂಶವನ್ನು ಬರೆಯಬಹುದು, ಇನ್ನೊಬ್ಬರು ಅದರ ಲೆಕ್ಕ ಪರಿಶೋಧನೆ ಮಾಡಬಹುದು. ಯಂತ್ರಗಳನ್ನು ಜೋಡಿಸುವ ಲೆಕ್ಕ ಕಷ್ಟವಾದರೂ ಅದನ್ನು ಬಿಡಿಸುವ ಜಾಣರು ಸಿಗುತ್ತಾರೆ. ಜೋಡಿಸಿದ ಮೇಲೆ ನಡುವೆ ಕುಳಿತವರು ಏನೇನು ತಿಳಿದುಕೊಂಡರು, ಅದನ್ನು ಎಷ್ಟು ದಿನ ಇಟ್ಟುಕೊಂಡರು, ಯಾರಿಗೆ ಕೊಟ್ಟರು ಎಂಬ ಲೆಕ್ಕವನ್ನು ಕೇಳುವವರೂ ಬೇಕು. ಆ ಲೆಕ್ಕ ಕೇಳುವುದು ನಮ್ಮ ವಾಣಿಜ್ಯ ವಿಭಾಗದ ಕೆಲಸ ಎಂದು ನಾನು ನಂಬಿದ್ದೇನೆ. ಕಂಪ್ಯೂಟರ್ ಕಣ್ಣಿಗೆ ಕಾಣದಂತಾಗಲಿ ಎಂದು ವೈಸರ್ ಬಯಸಿದರು. ಅದು ನಮ್ಮ ಬಗ್ಗೆ ಬರೆದಿಟ್ಟುಕೊಳ್ಳುವ ಪುಸ್ತಕ ಮಾತ್ರ ನಮ್ಮ ಕಣ್ಣಿಗೆ ಕಾಣುತ್ತಲೇ ಇರಬೇಕು.